ಗುಡ್ಡದ ಟಪಾಲು: ಶೇಷಪರ್ವತದಿಂದ ವಾಪಸು ಬಂದವರು ಕೇಳುತ್ತಾರೆ

ಕಳೆದ ಸಂಚಿಕೆಯಲ್ಲಿ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯುವ ಬಗ್ಗೆ ನಾಲ್ಕು ಸಾಲು ಬರೆದದ್ದೇ ನೆಪ. ಟಪಾಲು ಬಂದು ಬಿದ್ದಿದೆ. ಅರ್ಧ ಪತ್ರಗಳಲ್ಲಿ ಮಂಜು, ಉಳಿದರ್ಧದಲ್ಲಿ ಇಂಬಳ (ಕಾಡಿನ ಜಿಗಣೆ) ಮತ್ತು ಮೊಣಕಾಲು. ಮೂವತ್ತೊಂದು ವರ್ಷ ಪುತ್ತೂರಿನ ಆಸುಪಾಸಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ನಿವೃತ್ತಿಯಾದರೂ ಕೆಂಪು ಪೆನ್ನಿನ ಚಟ ಹೋಗಿಲ್ಲ. ಆದ್ದರಿಂದ ಕೆಲವರಿಗೆ ಅಂಕವೂ ಸಿಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಐದು ಜನ ಗೆಳೆಯರು ಬೆಳಿಗ್ಗೆ ಏಳೂವರೆಗೆ ಕುಕ್ಕೆಯಿಂದ ಹೊರಟೆವು. ಶೇಷಪರ್ವತ ತಲುಪುವಾಗ ಮಧ್ಯಾಹ್ನ ಎರಡೂವರೆ. ಎದುರಿಗೆ ಬರೀ ಬಿಳಿ. ಇಬ್ಬರು ಹೋಗೋಣ ಅಂದರು, ಮೂವರು ಬೇಡ ಅಂದೆವು. ಕಡೆಗೆ ಇಳಿದೆವು. ಆ ಇಬ್ಬರು ಈಗಲೂ ಮಾತು ಬಿಟ್ಟಿದ್ದಾರೆ. ತುದಿ ಅಲ್ಲಿಂದ ಎಷ್ಟು ದೂರ ಇತ್ತು? ನಾವು ಮಾಡಿದ್ದು ಸರಿಯೇ, ಟೀಚರ್?
(ಹಾಸನದಿಂದ)

ಮೂವರಿಗೆ ಹತ್ತಕ್ಕೆ ಹತ್ತು. ಏಳೂವರೆಗೆ ಹೊರಟದ್ದಕ್ಕೆ ಐವರಿಗೂ ಸೊನ್ನೆ.

ಶೇಷಪರ್ವತದ ಮೋಸ ಏನೆಂದರೆ, ಕೆಳಗಿನಿಂದ ನೋಡುವವರಿಗೆ ಅದೇ ತುದಿ ಅನ್ನಿಸುತ್ತದೆ. ಕುಕ್ಕೆಯ ದೇವಸ್ಥಾನದ ಹಿಂದೆ ಹೆಡೆ ಎತ್ತಿದ ಹಾವಿನ ಹಾಗೆ ಕಾಣುವುದು ಅದೇ. ಏದುಸಿರು ಬಿಡುತ್ತಾ ಹೆಡೆಯ ಮೇಲೆ ಹತ್ತಿ ನಿಂತರೆ, ಅದರಾಚೆ ಇನ್ನೊಂದು ಗುಡ್ಡ ಕೈಕಟ್ಟಿ ನಿಂತಿರುತ್ತದೆ. ಅದು ಕುಮಾರ ಪರ್ವತ, 1712 ಮೀಟರು. ಅಲ್ಲಿಗೆ ಹೋಗಬೇಕಾದರೆ ಕಷ್ಟಪಟ್ಟು ಗಳಿಸಿದ ಎತ್ತರವನ್ನು ಸ್ವಲ್ಪ ಕಳೆದುಕೊಂಡು ನಡುವಿನ ಶೋಲಾಕ್ಕೆ, ಅಂದರೆ ಗುಡ್ಡದ ಮಡಿಲಿನ ದಟ್ಟ ಕಾಡಿಗೆ, ಇಳಿಯಬೇಕು, ಪಾಚಿ ಹಿಡಿದ ಬೇರುಗಳ ಮೇಲೆ ಮತ್ತೆ ಹತ್ತಬೇಕು, ಕೊನೆಗೆ ಓರೆಯಾದ ಬಂಡೆಯ ಮೇಲೆ ನಾಲ್ಕು ಕಾಲಲ್ಲಿ ಹೋಗಬೇಕು. ದಣಿದ ಕಾಲಿಗೆ ಒಂದು ಗಂಟೆ ಬೇಕೇ ಬೇಕು.

ಈಗ ಲೆಕ್ಕ ಹಾಕಿ. ನೀವು ತುದಿ ಮುಟ್ಟುವಾಗ ಮೂರೂವರೆ. ಅಲ್ಲಿಂದ ಕುಕ್ಕೆಗೆ ಹನ್ನೆರಡು ಹದಿಮೂರು ಕಿಲೋಮೀಟರು, ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿದ ಇಳಿತ. ಐದು ಗಂಟೆ ಎಂದಿಟ್ಟುಕೊಳ್ಳಿ. ರಾತ್ರಿ ಎಂಟೂವರೆ ಆಯಿತು. ಡಿಸೆಂಬರಿನಲ್ಲಿ ನಮ್ಮಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ದಾರಿಯ ನಡುವೆ ಸಿಗುವ ಭಟ್ಟರ ಮನೆಯಿಂದ ಕೆಳಗಿನ ದಟ್ಟ ಕಾಡಿನಲ್ಲಿ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲೆ. ಬೇರು, ಉರುಳುಗಲ್ಲು, ಆನೆ ತಿರುಗಾಡುವ ಕಾಡು. ನಿಮ್ಮಲ್ಲಿ ಯಾರ ಹತ್ತಿರ ಟಾರ್ಚ್ ಇತ್ತು? ಪತ್ರದಲ್ಲಿ ಬರೆದಿಲ್ಲ. ಇರಲಿಲ್ಲ ಎಂದೇ ನನ್ನ ಗುಮಾನಿ.

ನನ್ನ ವೇಳಾಪಟ್ಟಿ ಹೀಗೆ: ಬೆಳಕು ಹರಿಯುತ್ತಿದ್ದಂತೆ ಕಾಡಿನ ಬಾಯಲ್ಲಿರಬೇಕು. ಎಂಟೂವರೆಗೆ ಗಿರಿಗದ್ದೆಯ ಭಟ್ಟರ ಮನೆ, ಹತ್ತೂಕಾಲಕ್ಕೆ ಕಲ್ಲುಮಂಟಪ, ಹನ್ನೆರಡಕ್ಕೆ ಶೇಷಪರ್ವತ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೇನೋ ಅಲ್ಲಿಂದ ವಾಪಸು. ತುದಿಗೆ ಹತ್ತು ನಿಮಿಷ ಇದ್ದರೂ ಸರಿಯೇ. ಈ ಹತ್ತು ನಿಮಿಷದ ಮೇಲೆ ಜಗಳ ಬರುತ್ತದೆ ಎಂದು ಗೊತ್ತು, ಅದಕ್ಕೇ ಈ ಮಾತನ್ನು ಕೆಳಗೆ, ಕಾಫಿ ಕುಡಿಯುವಾಗಲೇ ಆಡಿ ಮುಗಿಸಬೇಕು. ಮೇಲೆ ಹೋದ ಮೇಲೆ ಮನುಷ್ಯನ ಬುದ್ಧಿ ಮನುಷ್ಯನದ್ದಲ್ಲ.

ಮಾತು ಬಿಟ್ಟ ಇಬ್ಬರಿಗೆ ಈ ಪುಟ ತೋರಿಸಿ. ಅದಕ್ಕೂ ಬಗ್ಗದಿದ್ದರೆ ಸೋಮವಾರಪೇಟೆಯ ಕಡೆಯಿಂದ, ಬೀದಳ್ಳಿಯ ದಾರಿಯಲ್ಲಿ ಕರೆದುಕೊಂಡು ಹೋಗಿ. ಆ ಕಡೆ ದೂರ ಸುಮಾರು ಅರ್ಧ, ಹೊರಡುವ ಜಾಗವೇ ಎತ್ತರದಲ್ಲಿದೆ. ಬಂಡೆ ಒದ್ದೆಯಿದ್ದರೆ ಮಾತ್ರ ಅಲ್ಲಿಯೂ ಅವಸರ ಬೇಡ.

ಕುಕ್ಕೆಯಲ್ಲಿ ಒಳ್ಳೆ ಬಿಸಿಲು, ಮೇಲೆ ಹೋದರೆ ಮಂಜು. ಅದು ಎಲ್ಲಿಂದ ಬರುತ್ತದೆ? ಕಣ್ಣೆದುರೇ ಹುಟ್ಟಿದ ಹಾಗೆ ಕಾಣುತ್ತದೆ.
(ಮಂಗಳೂರಿನಿಂದ, ಒಂಬತ್ತನೇ ತರಗತಿಯ ಹುಡುಗಿ)

ಕಾಣುವುದಲ್ಲ, ಕಣ್ಣೆದುರೇ ಹುಟ್ಟುತ್ತದೆ. ನಿನ್ನ ಕಣ್ಣು ಒಳ್ಳೆಯದುಂಟು.

ಸಮುದ್ರದ ಕಡೆಯಿಂದ ಬರುವ ಗಾಳಿಯಲ್ಲಿ ನೀರಿನ ಆವಿ ತುಂಬಿರುತ್ತದೆ, ಆದರೆ ಆವಿ ಕಣ್ಣಿಗೆ ಕಾಣುವುದಿಲ್ಲ. ಆ ಗಾಳಿಗೆ ಘಟ್ಟ ಅಡ್ಡ ನಿಂತರೆ ಅದು ಮೇಲಕ್ಕೇರಬೇಕು. ಮೇಲೇರಿದ ಗಾಳಿಯ ಮೇಲೆ ಒತ್ತಡ ಕಡಿಮೆ, ಅದು ಹಿಗ್ಗುತ್ತದೆ, ಹಿಗ್ಗಿದ್ದು ತಣಿಯುತ್ತದೆ. ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ. ತಣಿದು ತಣಿದು ಇಬ್ಬನಿ ಬಿಂದು ಮುಟ್ಟಿದ ಕೂಡಲೇ ಆವಿ ಹನಿಯಾಗುತ್ತದೆ. ಅಲ್ಲಿಂದ ಮೇಲೆ ಬಿಳಿ.

ಲೆಕ್ಕ ಮಾಡಲು ಸುಲಭದ ಸೂತ್ರ ಉಂಟು. ಕೆಳಗಿನ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ಇರುವ ವ್ಯತ್ಯಾಸವನ್ನು 125ರಿಂದ ಗುಣಿಸು. ಕುಕ್ಕೆಯಲ್ಲಿ 29 ಡಿಗ್ರಿ, ಇಬ್ಬನಿ ಬಿಂದು 22 ಎಂದುಕೋ. ಏಳನ್ನು 125ರಿಂದ ಗುಣಿಸಿದರೆ 875 ಮೀಟರು. ಕುಕ್ಕೆಯ ಎತ್ತರವನ್ನೂ ಕೂಡಿಸಿದರೆ ಸುಮಾರು ಸಾವಿರ ಮೀಟರಿನಲ್ಲಿ ಮೋಡದ ತಳ. ಕೆಳಗಿನ ಕಾಡು ಮುಗಿದು ಬೋಳು ಹುಲ್ಲಿನ ಏಣಿನ ಮೇಲೆ, ಅಂದರೆ ಗುಡ್ಡದ ಬೆನ್ನಿನ ಮೇಲೆ, ಕಾಲಿಟ್ಟ ಸ್ವಲ್ಪ ಹೊತ್ತಿನಲ್ಲೇ ಅದು ನಿನ್ನ ಮುಖಕ್ಕೆ ಬಂದು ತಾಗುತ್ತದೆ. ಕೆಳಗಿದ್ದವರು ಅದಕ್ಕೆ ಮೋಡ ಎನ್ನುತ್ತಾರೆ, ಮೇಲಿದ್ದವರು ಮಂಜು ಎನ್ನುತ್ತಾರೆ. ವಸ್ತು ಒಂದೇ.

ಚಳಿಗಾಲದ ಬೆಳಗಿನ ಜಾವ ಮಾತ್ರ ತಲೆಕೆಳಗು. ರಾತ್ರಿಯ ತಣ್ಣನೆ ಗಾಳಿ ಭಾರ, ಅದು ಕಣಿವೆಗೆ ಇಳಿದು ಅಲ್ಲೇ ಮಂಜಾಗಿ ಕೂರುತ್ತದೆ. ಆಗ ಮೇಲೆ ಆಕಾಶ ಶುಭ್ರ, ಕೆಳಗೆ ಹಾಲಿನ ಕಡಲು. ಆ ಫೋಟೋ ನೋಡಿಯೇ ಎಲ್ಲರೂ ಹೊರಡುವುದು. ಅವರು ಅಲ್ಲಿಗೆ ತಲುಪುವುದು ಹನ್ನೊಂದು ಗಂಟೆಗೆ.

ಮಂಜಿನಲ್ಲಿ ದಾರಿ ತಪ್ಪಿದರೆ ಏನು ಮಾಡಬೇಕು? ಮೊಬೈಲಿನಲ್ಲಿ ನಕ್ಷೆ ಇದ್ದರೆ ಸಾಕಲ್ಲವೇ?
(ಬೆಂಗಳೂರಿನಿಂದ)

ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ, ಹತ್ತುವಾಗ ದಾರಿಯನ್ನು ದಾಖಲಿಸುತ್ತಾ ಹೋಗಿದ್ದರೆ, ಬ್ಯಾಟರಿ ಉಳಿದಿದ್ದರೆ ಸಾಕು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಅದು ಉಪಗ್ರಹದ ಮಾತು ಕೇಳುತ್ತದೆ. ಆದರೆ ಹತ್ತುವಾಗ ಇಡೀ ದಿನ ವೀಡಿಯೊ ತೆಗೆದ ಫೋನು ಸಂಜೆಗೆ ಬರೀ ಗಾಜಿನ ತುಂಡು. ಗುಂಪಿನಲ್ಲಿ ಒಂದು ಫೋನನ್ನು ಆಫ್ ಮಾಡಿ ಚೀಲದ ಒಳಗೆ ಬೆಚ್ಚಗೆ ಇಡಿ.

ಇನ್ನು ನನ್ನ ಕಥೆ. 1994ರ ಡಿಸೆಂಬರ್, ನಾನು ಮತ್ತು ಇಬ್ಬರು ಸಹೋದ್ಯೋಗಿಗಳು. ಮೊಬೈಲಿಲ್ಲದ ಕಾಲ. ತುದಿ ಮುಟ್ಟಿ, ಶೇಷಪರ್ವತ ದಾಟಿ ಇಳಿಯುತ್ತಿದ್ದೆವು, ಮಂಜು ಮುಚ್ಚಿತು. ಮುಂದಿನವಳ ಬೆನ್ನಿನ ಕೆಂಪು ಚೀಲ ಕಾಣುತ್ತಿತ್ತು, ಅವಳ ಕಾಲು ಕಾಣುತ್ತಿರಲಿಲ್ಲ. ಕಾಲಡಿಯಲ್ಲಿ ದಾರಿ ಇತ್ತು, ಚೆನ್ನಾಗಿಯೇ ಇತ್ತು. ಮಾತಾಡುತ್ತಾ ಇಪ್ಪತ್ತು ನಿಮಿಷ ನಡೆದೆವು. ಆಮೇಲೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು: ಗಾಳಿ. ಬೆಳಿಗ್ಗೆ ಹತ್ತುವಾಗ ಎಡಗೆನ್ನೆ ಮರಗಟ್ಟಿತ್ತು. ಅಂದರೆ ಇಳಿಯುವಾಗ ಬಲಗೆನ್ನೆಗೆ ಬಡಿಯಬೇಕು. ಬಡಿಯುತ್ತಿದ್ದುದು ಬೆನ್ನಿಗೆ. ಏಣಿನ ಮೇಲಿರಬೇಕಾದವರು ಎಡಕ್ಕೆ ಜಾರಿ ಗುಡ್ಡದ ಪಕ್ಕೆಗೆ ಇಳಿದಿದ್ದೆವು. ಬಗ್ಗಿ ನೋಡಿದರೆ ದಾರಿಯಲ್ಲಿ ಒಂದು ಬೀಡಿ ತುಂಡಿಲ್ಲ, ಮಿಠಾಯಿ ಕಾಗದವಿಲ್ಲ. ಎರಡು ಹೆಜ್ಜೆ ಮುಂದೆ ಸಗಣಿ, ತಟ್ಟೆಯಷ್ಟು ಅಗಲ. ನಾವು ನಡೆಯುತ್ತಿದ್ದುದು ಕಾಟಿಗಳ (ಕಾಡುಕೋಣಗಳ) ದಾರಿಯಲ್ಲಿ. ಕಾಟಿ ಕೂಡ ನಮ್ಮ ಹಾಗೆಯೇ, ಗುಡ್ಡದಲ್ಲಿ ಸಲೀಸಾದ ದಾರಿ ಮಾಡಿಕೊಳ್ಳುತ್ತದೆ. ಅದು ಹೋಗುವುದು ನೀರಿಗೆ, ಸುಬ್ರಹ್ಮಣ್ಯಕ್ಕಲ್ಲ.

ಆಗ ಮಾಡಿದ್ದರಲ್ಲಿ ಒಂದು ತಪ್ಪು, ಒಂದು ಸರಿ. ತಪ್ಪು: ಗಾಬರಿಯಲ್ಲಿ ನೇರ ಮೇಲಕ್ಕೆ ಹುಲ್ಲು ಹಿಡಿದು ಹತ್ತಲು ಹೋದೆ, ಹುಲ್ಲಿನಡಿಯ ಕಲ್ಲು ಕಿತ್ತು ಕೆಳಗೆ ಹೋಯಿತು. ಅದು ಬಿದ್ದ ಸದ್ದು ಕೇಳಿಸಲೇ ಇಲ್ಲ. ಮಂಜಿನಲ್ಲಿ ಕಣಿವೆಗೆ ಆಳವೇ ಇರುವುದಿಲ್ಲ ನೋಡಿ, ಅದೇ ಅಪಾಯ. ಸರಿ: ಅದಾದ ಮೇಲೆ ಮೂವರೂ ಕೂತೆವು. ಐವತ್ತು ನಿಮಿಷ. ನನ್ನ ಹತ್ತಿರ ಅವಲಕ್ಕಿ ಇತ್ತು, ತಿಂದೆವು. ಒಂದು ಸಲ ಮಂಜು ಹರಿದು ಶೇಷಪರ್ವತದ ಹೆಡೆ ಎಡಕ್ಕೆ, ಹಿಂದೆ, ಮೇಲೆ ಕಂಡಿತು. ಅರೆ ನಿಮಿಷ ಅಷ್ಟೇ. ಅಷ್ಟು ಸಾಕಾಯಿತು. ಬಂದ ಹೆಜ್ಜೆಯಲ್ಲೇ ಹಿಂದೆ ಹೋದೆವು.

ಆದ್ದರಿಂದ ಉತ್ತರ: ನಿಲ್ಲಿ, ಕೂರಿ, ಏನಾದರೂ ತಿನ್ನಿ. ಖಚಿತವಾಗಿ ಗೊತ್ತಿರುವ ಕೊನೆಯ ಜಾಗಕ್ಕೆ ಬಂದ ದಾರಿಯಲ್ಲೇ ಹಿಂದಿರುಗಿ. ಅದೂ ಕಾಣದಿದ್ದರೆ ಒಬ್ಬರು ಅಲ್ಲೇ ನಿಂತು ಕೂಗುತ್ತಿರಲಿ, ಉಳಿದವರು ಕೂಗು ಕೇಳುವಷ್ಟು ದೂರ ಮಾತ್ರ ಹುಡುಕಲಿ. ನೀರಿನ ಸದ್ದು ಹಿಡಿದು ಕೆಳಗೆ ಹೋದರೆ ಊರು ಸಿಗುತ್ತದೆ ಎಂಬ ಮಾತು ಕೇಳಿರುತ್ತೀರಿ. ಘಟ್ಟದಲ್ಲಿ ಅದನ್ನು ನಂಬಬೇಡಿ. ನೀರು ಜಲಪಾತವಾಗಿಯೂ ಇಳಿಯುತ್ತದೆ, ನಿಮಗೆ ಅದು ಬಾರದು.

ಕೊಡಚಾದ್ರಿಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಸರ್ವಜ್ಞ ಪೀಠದ ಹತ್ತಿರ ನಿಂತಿದ್ದೆ. ಕಣಿವೆಯ ಮಂಜಿನ ಮೇಲೆ ದೊಡ್ಡ ಮನುಷ್ಯಾಕೃತಿ ಕಾಣಿಸಿತು, ತಲೆಯ ಸುತ್ತ ಬಣ್ಣದ ಪ್ರಭಾವಳಿ. ಕೈಮುಗಿದೆ, ಅದೂ ಕೈಮುಗಿಯಿತು. ಹೆಂಡತಿ ನಗುತ್ತಾಳೆ.
(ಕುಂದಾಪುರದಿಂದ)

ನಿಮ್ಮ ಹೆಂಡತಿಯೂ ಕೈಮುಗಿದಿದ್ದರೆ ಪ್ರಭಾವಳಿ ಅವರ ತಲೆಗೂ ಬರುತ್ತಿತ್ತು, ಆದರೆ ಅವರಿಗೆ ಮಾತ್ರ ಕಾಣುತ್ತಿತ್ತು.

ಅದು ನಿಮ್ಮದೇ ನೆರಳು. ಸೂರ್ಯ ಬೆನ್ನ ಹಿಂದೆ ತಗ್ಗಿನಲ್ಲಿರಬೇಕು, ಎದುರಿನ ಕಣಿವೆಯಲ್ಲಿ ಮಂಜು ಇರಬೇಕು, ನೀವು ಅಂಚಿನಲ್ಲಿ ನಿಂತಿರಬೇಕು. ಮೂರೂ ಕೂಡಿ ಬರುವುದು ಅಪರೂಪ. ಗೋಡೆಯ ಮೇಲೆ ನೆರಳು ಬಿದ್ದರೆ ಒಂದೇ ಪದರ, ಮಂಜಿನಲ್ಲಿ ಅದು ಉದ್ದಕ್ಕೂ ಒಳಗೆ ಬೀಳುತ್ತದೆ, ದೂರದ ಅಳತೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ರಾಕ್ಷಸಾಕಾರ. ಸುತ್ತಲಿನ ಬಣ್ಣದ ಬಳೆ ಆಗುವುದು ಮಂಜಿನ ಸಣ್ಣ ಸಣ್ಣ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವುದರಿಂದ. ಹಾಗೆ ತಿರುಗಿದ ಬೆಳಕು ನಿಮ್ಮ ಕಣ್ಣಿಗೆ ಬರುವುದು ನಿಮ್ಮ ತಲೆಯ ನೆರಳಿನ ಸುತ್ತಲಿಂದ ಮಾತ್ರ. ಪಕ್ಕದವರ ತಲೆಗೆ ನಿಮ್ಮ ಲೆಕ್ಕದಲ್ಲಿ ಬಳೆ ಇಲ್ಲ, ಅವರ ಲೆಕ್ಕದಲ್ಲಿ ನಿಮಗೆ ಇಲ್ಲ. ಜರ್ಮನಿಯ ಬ್ರೋಕೆನ್ ಎಂಬ ಬೆಟ್ಟದಲ್ಲಿ ಇದು ಪ್ರಸಿದ್ಧವಾದದ್ದರಿಂದ ಬ್ರೋಕೆನ್ ಭೂತ ಎಂದೇ ಹೆಸರು ಬಿದ್ದಿದೆ. ವಿಮಾನದ ಕಿಟಕಿಯಿಂದ ಮೋಡದ ಮೇಲೆ ಬಿದ್ದ ವಿಮಾನದ ನೆರಳಿನ ಸುತ್ತಲೂ ಇದೇ ಬಳೆ ಕಾಣುತ್ತದೆ.

ಇಷ್ಟು ವರ್ಷಗಳಲ್ಲಿ ನಾನು ಒಮ್ಮೆ ಮಾತ್ರ ನೋಡಿದ್ದೇನೆ. ವಿವರಣೆ ಎಲ್ಲ ಗೊತ್ತಿದ್ದೂ ನಾನೂ ಕೈಯೆತ್ತಿ ಆಡಿಸಿದೆ.

ವಯಸ್ಸು 54. ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಮೊಣಕಾಲು ಹಿಡಿಯುತ್ತದೆ. ಇನ್ನು ಗುಡ್ಡ ಬಿಡಬೇಕೇ?
(ಮೈಸೂರಿನಿಂದ)

ನನಗೆ 64. ಬಿಟ್ಟಿಲ್ಲ. ಊದಿಕೊಂಡರೆ, ಮಡಚುವಾಗ ಸಿಕ್ಕಿಹಾಕಿಕೊಂಡ ಹಾಗಾದರೆ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ಆಮೇಲೆ ನನ್ನ ಮಾತು.

ಹತ್ತುವಾಗ ಸುಸ್ತಾಗುವುದು ಎದೆಗೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ. ಬ್ರೇಕು ದಣಿದರೆ ಭಾರವೆಲ್ಲ ಮೊಣಕಾಲಿಗೆ. ಕುಕ್ಕೆಯ ಕಡೆಯ ಇಳಿತದಲ್ಲಿ ಈ ಬ್ರೇಕನ್ನು ಐದು ಗಂಟೆ ಒತ್ತಿಯೇ ಹಿಡಿದಿರಬೇಕು. ಹೋಗುವ ಆರು ವಾರ ಮೊದಲಿನಿಂದ ಮನೆಯ ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿ, ಹತ್ತುವುದಲ್ಲ, ನಿಧಾನ ಇಳಿಯುವುದು. ಚಾಮುಂಡಿ ಬೆಟ್ಟ ನಿಮ್ಮ ಹಿತ್ತಲಲ್ಲೇ ಉಂಟು, ಸಾವಿರ ಮೆಟ್ಟಿಲು. ಇನ್ನೇನು ಬೇಕು?

ಕೋಲು ಹಿಡಿಯಿರಿ, ಇಳಿಯುವಾಗ ಕೋಲು ಮೊದಲು, ಕಾಲು ಆಮೇಲೆ. ಹೆಜ್ಜೆ ಗಿಡ್ಡ ಇರಲಿ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಕಾಲಿನ ಉಗುರು. ಹೋಗುವ ಮೂರು ದಿನ ಮೊದಲು ಕತ್ತರಿಸಿ. ಇಳಿಯುವಾಗ ಹೆಬ್ಬೆರಳು ಶೂವಿನ ಮೂತಿಗೆ ಸಾವಿರ ಸಲ ಗುದ್ದುತ್ತದೆ. ನಾನು ಒಮ್ಮೆ ಮರೆತು, ಎರಡೂ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ತಿಂಗಳೊಳಗೆ ಕಳಚಿ ಬಿದ್ದವು.

ತುದಿಯಲ್ಲಿ ಚಹಾ ಸಿಗುತ್ತದೆಯೇ?
(ಹುಬ್ಬಳ್ಳಿಯಿಂದ)

ಇಲ್ಲ.

ನಾನು ಬಯಲುಸೀಮೆಯವನು, ಇಂಬಳ ಎಂಬುದನ್ನು ಹೆಸರು ಕೇಳಿ ಬಲ್ಲೆ. ಗೆಳೆಯರು ಹೆದರಿಸುತ್ತಿದ್ದಾರೆ. ಸಾಯುತ್ತಾರೆಯೇ?
(ವಿಜಯಪುರದಿಂದ)

ನೀವು ಸಾಯುವುದಿಲ್ಲ, ಇಂಬಳ ಸಾಯಬಹುದು.

ಬೆಂಕಿಕಡ್ಡಿಯಷ್ಟು ಉದ್ದ, ದಾರದಷ್ಟು ದಪ್ಪ. ತರಗೆಲೆಯ ಮೇಲೆ ಹಿಂಬದಿಯ ಬಟ್ಟಲೂರಿ ಎದ್ದು ನಿಂತು ಮುಂಬದಿಯನ್ನು ಗಾಳಿಯಲ್ಲಿ ಆಡಿಸುತ್ತದೆ, ಹಾಜರಿ ಕೂಗುವಾಗ ಹಿಂದಿನ ಬೆಂಚಿನ ಹುಡುಗ ಕತ್ತು ಚಾಚುವ ಹಾಗೆ. ನಿಮ್ಮ ಹೆಜ್ಜೆಯ ಅದುರು, ಮೈಯ ಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್, ಈ ಮೂರರಿಂದ ನಿಮ್ಮನ್ನು ಕಂಡುಹಿಡಿಯುತ್ತದೆ. ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದರಿಂದ ಅದು ಕುಡಿದು ಉದುರಿದ ಮೇಲೂ ಗಾಯ ಒಸರುತ್ತದೆ. ಸಂಜೆ ಸಾಕ್ಸ್ ಕಳಚಿದಾಗ ಕೊಲೆಯಾದ ಹಾಗೆ ಕಾಣುತ್ತದೆ, ಹೋದದ್ದು ಚಮಚದಷ್ಟು ರಕ್ತ.

ನಮ್ಮ ಕಡೆ ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಳ್ಳುತ್ತಾರೆ. ಮೈಗೆ ಹತ್ತಿ ಇನ್ನೂ ಕಚ್ಚದ ಇಂಬಳಕ್ಕೆ ಅದನ್ನು ಮುಟ್ಟಿಸಿದರೆ ಉದುರುತ್ತದೆ. ಕಾಲಿಗೆ ತೆಂಗಿನೆಣ್ಣೆಯಲ್ಲಿ ನಶ್ಯ ಕಲಸಿ ಹಚ್ಚುವವರೂ ಇದ್ದಾರೆ. ಆದರೆ ಕಚ್ಚಿ ಹಿಡಿದದ್ದಕ್ಕೆ ಉಪ್ಪು, ಬೆಂಕಿ ಬೇಡ, ಅದು ಒಳಗಿದ್ದದ್ದನ್ನು ಗಾಯಕ್ಕೇ ಕಾರುತ್ತದೆ. ಉಗುರನ್ನು ಚರ್ಮಕ್ಕೆ ಒತ್ತಿ ಸಪೂರ ತುದಿಯ ಬಾಯಿಯನ್ನು ಪಕ್ಕಕ್ಕೆ ಸರಿಸಿ. ಗಾಯ ತೊಳೆದು ಒತ್ತಿ ಹಿಡಿಯಿರಿ. ಒಣಹವೆ ಬಂದರೆ, ಜನವರಿ ಹೊತ್ತಿಗೆ, ಅವು ತಾವಾಗಿಯೇ ಮಾಯ.

ಚಿಕ್ಕವರಿದ್ದಾಗ ನಾವು ಪರ್ವತಕ್ಕೆ ಬೇಕೆಂದಾಗ ಹೋಗಿ ಬರುತ್ತಿದ್ದೆವು. ಈಗ ದುಡ್ಡು ಕಟ್ಟಿ, ಆನ್‌ಲೈನಿನಲ್ಲಿ ಪಾಳಿ ಹಚ್ಚಬೇಕಂತೆ. ನಮ್ಮ ಗುಡ್ಡಕ್ಕೆ ನಮಗೇ ಟಿಕೆಟ್ಟೇ?
(ಸುಳ್ಯದಿಂದ)

ನಿಮ್ಮ ಸಿಟ್ಟಿನಲ್ಲಿ ನನಗೂ ಪಾಲುಂಟು. ಆದರೆ 2024ರ ಜನವರಿ ಕೊನೆಯ ರಜೆಯಲ್ಲಿ ಆ ಏಣಿನ ಮೇಲೆ ಜನ ಇರುವೆ ಸಾಲಿನ ಹಾಗೆ ನಿಂತದ್ದನ್ನು ನೀವೂ ನೋಡಿದ್ದೀರಿ. ಅದಾದ ಮೇಲೆಯೇ ಸರ್ಕಾರ ಚಾರಣ ನಿಲ್ಲಿಸಿ, ದಿನಕ್ಕೆ ಇಷ್ಟೇ ಜನ ಎಂದು ಆನ್‌ಲೈನ್ ಬುಕಿಂಗ್ ತಂದದ್ದು. ಇದು 1987ರಿಂದ ಪುಷ್ಪಗಿರಿ ವನ್ಯಜೀವಿ ಧಾಮ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಇದೂ ಒಂದು. ಅಷ್ಟು ಜನ ಒಂದೇ ದಿನ ಮಲವಿಸರ್ಜನೆಗೆ ಎಲ್ಲಿ ಹೋಗುತ್ತಾರೆ, ಆ ನೀರು ಯಾವ ಹೊಳೆಗೆ ಬರುತ್ತದೆ, ಯೋಚಿಸಿ. ಕುಮಾರಧಾರೆಗೆ. ನಾವು ತೀರ್ಥ ಎಂದು ಬೊಗಸೆಯಲ್ಲಿ ಹಿಡಿಯುತ್ತೇವೆ.

ಬುಕ್ ಮಾಡುವಾಗ ಯಾವ ಕಡೆಯಿಂದ ಹತ್ತಿ ಯಾವ ಕಡೆಗೆ ಇಳಿಯಲು ಅನುಮತಿ ಎಂಬುದನ್ನು ಓದಿ. ಮಳೆಗಾಲದಲ್ಲಿ ಮತ್ತು ಬೆಂಕಿಯ ಭಯದ ಬೇಸಿಗೆಯಲ್ಲಿ ದಾರಿ ಮುಚ್ಚುತ್ತಾರೆ.

ಕುಮಾರ ಪರ್ವತ, ಪುಷ್ಪಗಿರಿ ಎರಡೂ ಒಂದೆಯೇ? ಮೇಲೆ ಮರ ಇಲ್ಲವಲ್ಲ, ಕಡಿದವರು ಯಾರು?
(ಶಿರಸಿಯಿಂದ)

ಎರಡೂ ಒಂದೇ. ನಮ್ಮ ಕಡೆಯಿಂದ ನೋಡುವವರಿಗೆ ಕುಮಾರ ಪರ್ವತ, ಕೊಡಗಿನವರಿಗೆ ಪುಷ್ಪಗಿರಿ. ಕೊಡಗಿನಲ್ಲಿ ತಡಿಯಂಡಮೋಳ್ ಬಿಟ್ಟರೆ ಇದೇ ಎತ್ತರ. ತಾರಕನನ್ನು ಕೊಂದ ಕುಮಾರಸ್ವಾಮಿ ತನ್ನ ಶಕ್ತ್ಯಾಯುಧ ತೊಳೆದ ಹೊಳೆ ಕುಮಾರಧಾರೆ ಎಂಬುದು ಸ್ಥಳಪುರಾಣ. ಆ ಹೊಳೆ ಕೊಡಗಿನ ಬದಿಯಲ್ಲಿ ಮಲ್ಲಳ್ಳಿ ಜಲಪಾತವಾಗಿ ಧುಮುಕಿ, ಸುತ್ತಿ ಬಳಸಿ ಕುಕ್ಕೆಗೆ ಬಂದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ.

ಮರ ಯಾರೂ ಕಡಿದಿಲ್ಲ. ಏಣಿನ ಮೇಲೆ ಗಾಳಿ ಜೋರು, ಮಣ್ಣು ತೆಳು, ಆಗಾಗ ಬೆಂಕಿ, ಅಲ್ಲಿ ಹುಲ್ಲೇ ಯಜಮಾನ. ಮಡಿಲಿನಲ್ಲಿ, ನೀರು ಮಣ್ಣು ನಿಲ್ಲುವ ಕಡೆ, ಶೋಲಾ ಕಾಡು. ನೀಲಗಿರಿಯ ಜೌಗುಮಣ್ಣಿನ ಅಧ್ಯಯನಗಳು ಅಲ್ಲಿನ ಇಂಥದ್ದೇ ಹುಲ್ಲುಗಾವಲು ಸಾವಿರಾರು ವರ್ಷ ಹಳೆಯದೆಂದು ತೋರಿಸಿವೆ. ಆದ್ದರಿಂದ ಬೋಳು ಗುಡ್ಡ ನೋಡಿ ಸಸಿ ನೆಡಲು ಹೊರಡಬೇಡಿ. ಶೋಲಾದ ಒಳಗೆ ಮಂಜಿನ ದಿನ ಒಂದು ಗಳಿಗೆ ಮಾತಿಲ್ಲದೆ ನಿಂತು ನೋಡಿ. ಹೊರಗೆ ಮಳೆ ಇರುವುದಿಲ್ಲ, ಒಳಗೆ ಹನಿ ಬೀಳುತ್ತಿರುತ್ತದೆ. ಪಾಚಿ, ಎಲೆ, ಕೊಂಬೆಯಿಂದ ಇಳಿಬಿದ್ದ ಕಲ್ಲುಹೂವು, ಎಲ್ಲವೂ ಮಂಜನ್ನು ಸೋಸಿ ನೀರು ಮಾಡುತ್ತಿರುತ್ತವೆ.

ಮಗನಿಗೆ 19. ಮುಂದಿನ ವಾರ ಗೆಳೆಯರ ಜೊತೆ ಹೋಗುತ್ತಾನಂತೆ. ಫೋನ್ ಸಿಗುವುದಿಲ್ಲ ಎನ್ನುತ್ತಾನೆ. ನನಗೆ ಈಗಿನಿಂದಲೇ ನಿದ್ದೆ ಇಲ್ಲ. ಕಳಿಸಲೇ, ಬೇಡವೇ, ಅಕ್ಕಾ?
(ಹೆಸರು ಬೇಡ, ದಾವಣಗೆರೆಯಿಂದ)

ಕಳಿಸಿ ತಾಯೀ. ಬೇಡ ಎಂದರೆ ಸುಳ್ಳು ಹೇಳಿ ಹೋಗುತ್ತಾನೆ, ಆಗ ಎಲ್ಲಿ ಹುಡುಕುವುದೆಂದೇ ನಿಮಗೆ ಗೊತ್ತಿರುವುದಿಲ್ಲ.

ಆದರೆ ಒಂದು ಕಾಗದದಲ್ಲಿ ಅವನ ಕೈಯಲ್ಲೇ ಬರೆಸಿಕೊಳ್ಳಿ: ಯಾವ ಕಡೆಯಿಂದ ಹತ್ತುವುದು, ಜೊತೆಗೆ ಯಾರ್‍ಯಾರು, ಅವರ ಮನೆಯ ಫೋನ್ ನಂಬರು, ಎಷ್ಟು ಗಂಟೆಗೆ ವಾಪಸು ತಿರುಗುವುದು, ಎಷ್ಟು ಗಂಟೆಗೆ ಕೆಳಗಿನಿಂದ ಫೋನ್ ಮಾಡುವುದು, ಮಾಡದಿದ್ದರೆ ನೀವು ಯಾವ ಹೊತ್ತಿಗೆ ಅರಣ್ಯದವರಿಗೆ, ಪೊಲೀಸರಿಗೆ ತಿಳಿಸುವುದು. ಆ ಕೊನೆಯ ಹೊತ್ತನ್ನು ಅವನು ಬರೆಯುವಾಗ ಮುಖ ನೋಡಿ, ಸ್ವಲ್ಪ ಗಂಭೀರವಾಗುತ್ತದೆ. ಟಾರ್ಚ್, ಮೂರು ಲೀಟರು ನೀರು, ಮಳೆಕೋಟು, ಒಣ ಬನಿಯನ್ನು ಚೀಲಕ್ಕೆ ನೀವೇ ಹಾಕಿ. ಬನಿಯನ್ನಿಗೆ ನಗುತ್ತಾನೆ, ನಗಲಿ. ಬೆವರಿನಲ್ಲಿ ತೊಯ್ದ ಅಂಗಿಯಲ್ಲಿ ಮಂಜಿನ ಗಾಳಿಗೆ ನಿಂತರೆ ಹಲ್ಲು ಕಟಕಟಿಸುತ್ತದೆ.

1994ರಲ್ಲಿ ನಾವು ಅಂಥ ಕಾಗದ ಬಿಟ್ಟು ಹೋಗಿರಲಿಲ್ಲ. ಭಟ್ಟರ ಮನೆ ತಲುಪುವಾಗ ರಾತ್ರಿ ಏಳೂಕಾಲು, ಟಾರ್ಚಿನ ಬೆಳಕು ಹಳದಿಗೆ ತಿರುಗಿತ್ತು. ಅನ್ನ, ಮಜ್ಜಿಗೆ, ಉಪ್ಪಿನಕಾಯಿ ಬಡಿಸಿದರು, ಜಗಲಿಯಲ್ಲಿ ಮಲಗಿದೆವು. ನಮಗೆ ಅಂಥ ಊಟ ಮತ್ತೆ ಸಿಕ್ಕಿಲ್ಲ. ಅದೇ ಹೊತ್ತಿಗೆ ನನ್ನ ಅಪ್ಪ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಸುಬ್ರಹ್ಮಣ್ಯದ ಕಡೆಯಿಂದ ಬಂದ ಕೊನೆಯ ಬಸ್ಸಿನಿಂದ ಇಳಿದ ಒಬ್ಬೊಬ್ಬರನ್ನೂ ನನ್ನ ಗುರುತು ಹೇಳಿ ಕೇಳುತ್ತಿದ್ದರಂತೆ. ಮರುದಿನ ಮನೆಗೆ ಹೋದಾಗ ಬೈಯಲಿಲ್ಲ. ಕೈಕಾಲು ತೊಳೆದು ಬಾ ಎಂದರು. ನಿಮ್ಮ ಮಗನಿಗೆ ಇದನ್ನು ಓದಿ ಹೇಳುವುದು ಬೇಡ, ಪತ್ರಿಕೆ ಮೇಜಿನ ಮೇಲೆ ಬಿಟ್ಟಿರಿ.

ನೀವು ಎಷ್ಟು ಸಲ ಕುಮಾರ ಪರ್ವತ ಹತ್ತಿದ್ದೀರಿ?
(ಹಲವರು)

ಹದಿನೇಳು ಸಲ ಹೋಗಿದ್ದೇನೆ, ಹನ್ನೊಂದು ಸಲ ತುದಿ ಮುಟ್ಟಿದ್ದೇನೆ.

ಉಳಿದ ಆರರಲ್ಲಿ ಎರಡು ಸಲ ಮಳೆ. ಒಂದು ಸಲ ಭಟ್ಟರ ಮನೆಗೂ ಮೊದಲೇ ದಾರಿಯಲ್ಲಿ ಹಬೆಯಾಡುವ ಆನೆ ಲದ್ದಿ, ಸದ್ದಿಲ್ಲದೆ ಹಿಂದೆ ತಿರುಗಿದೆವು. ಒಂದು ಸಲ ಜೊತೆಗಿದ್ದ ಹುಡುಗಿಯ ಪಾದ ಉಳುಕಿತು. ಒಂದು ಸಲ ಹೊರಟದ್ದೇ ತಡ, ತಪ್ಪು ನನ್ನದೇ, ಹಿಂದಿನ ರಾತ್ರಿ ಹರಟೆ ಜಾಸ್ತಿಯಾಗಿತ್ತು.

ಆರನೆಯದು ಕಳೆದ ಡಿಸೆಂಬರಿನಲ್ಲಿ. ಒಂದು ಗಂಟೆಗೆ ಶೇಷಪರ್ವತದ ಮೇಲಿದ್ದೆ. ಸ್ವಲ್ಪವೂ ಮಂಜಿಲ್ಲ, ಎದುರಿನ ಪರ್ವತದ ಬಂಡೆಯ ಮೇಲೆ ಮೂರು ಬಣ್ಣದ ಚೀಲಗಳು ಹತ್ತುತ್ತಿದ್ದುದು ಒಂದೊಂದೂ ಕಾಣುತ್ತಿತ್ತು. ಡಬ್ಬಿ ತೆರೆದು ಚಿತ್ರಾನ್ನ ತಿಂದೆ. ಆ ಮೂವರು ತುದಿ ಮುಟ್ಟಿ ಕೈಬೀಸಿದರು. ನಾನೂ ಚಮಚ ಬೀಸಿ, ಡಬ್ಬಿ ಮುಚ್ಚಿ, ಇಳಿಯಲು ಎದ್ದೆ.